ಮೂರು ಸಲ ಪಾಲಾದ ಪೆಟ್ಟಿಗೆ: ಬಣಕಲ್ ಹತ್ತಿರದ ಒಂದು ತುಡುವೆ ಜೇನು ಕುಟುಂಬದ ಪ್ರಕರಣ

ಹೋದ ವರ್ಷ ಫೆಬ್ರವರಿ 17ರ ಮಧ್ಯಾಹ್ನ ಚಿಕ್ಕಪ್ಪನ ಫೋನ್ ಬಂತು.

"ಎಂತ ಮಾರಾಯ, ಜೇನು ಮತ್ತೆ ಎದ್ದುಬಿಡ್ತು. ಒಂಬತ್ತನೇ ತಾರೀಕು ಪಾಲು ಹೋಗಿದ್ದನ್ನ ಹಿಡಿದು ಕೂರಿಸಿದ್ದೆ, ಹೇಳಿದ್ನಲ್ಲ? ಇವತ್ತು ಅದೇ ಹಳೇ ಪೆಟ್ಟಿಗೆಯಿಂದ ಇನ್ನೊಂದು ಹೊರಟಿದೆ. ಸಿಲ್ವರ್ ಓಕ್ ತುದೀಲಿ ಕೂತಿದೆ. ಏಣಿ ಎಟುಕೋದಿಲ್ಲ."

"ಪೆಟ್ಟಿಗೇಲಿ ನೊಣ ಉಳಿದಿದೆಯಾ ಚಿಕ್ಕಪ್ಪ?"

"ಉಳಿದಿದೆ. ಅದೇ ಅರ್ಥ ಆಗ್ತಿಲ್ಲ. ಮೊದಲ ಸಲ ಅರ್ಧಕ್ಕಿಂತ ಜಾಸ್ತಿ ಹೋಗಿತ್ತು. ಆರು ದಿನ ಬಿಟ್ಟು ಮುಚ್ಚಳ ತೆಗೆದ್ರೆ ಮತ್ತೆ ತುಂಬಿತ್ತು. ಹೋದವು ವಾಪಸ್ ಬಂದ ಹಾಗೆ."

ಜೇನು ಪಾಲಾಗುವುದು ಎಂದರೆ ಒಂದು ಕುಟುಂಬದ ನೊಣಗಳಲ್ಲಿ ಒಂದು ಭಾಗ ಒಂದು ರಾಣಿಯ ಜೊತೆ ಹೊಸ ಮನೆ ಹುಡುಕಿ ಹೊರಡುವುದು. ಚಿಕ್ಕಪ್ಪನ ಕೊನೆಯ ಮಾತಿನಲ್ಲೇ ಇಡೀ ಪ್ರಕರಣ ಅಡಗಿತ್ತು. ಹೋದವು ಯಾವುವೂ ವಾಪಸ್ ಬಂದಿರಲಿಲ್ಲ. ಪೆಟ್ಟಿಗೆ ತುಂಬಿಸಿದ್ದು ಬೇರೆಯವು. ಎರಡನೇ ಸಲ ಪಾಲು ಹೋಗಲು ಕಾರಣವಾದದ್ದೂ ಅವೇ. ಅದೇ ಪೆಟ್ಟಿಗೆ ಫೆಬ್ರವರಿ 19ಕ್ಕೆ ಮೂರನೇ ಸಲವೂ ಪಾಲಾಯಿತು. ಹನ್ನೊಂದು ದಿನದಲ್ಲಿ ಮೂರು ಪಾಲು. ಕಾಫಿ ಹೂವಿನ ಹೊತ್ತಿಗೆ ಜೇನು ತುಂಬಬೇಕಿದ್ದ ಕುಟುಂಬ ಮೂರು ಚೌಕಟ್ಟಿಗೆ ಇಳಿದುಬಿಟ್ಟಿತ್ತು. ಇದು ನಮ್ಮ ಕಡೆ ಅಪರೂಪ ಏನಲ್ಲ. ಆದರೆ ಹೆಚ್ಚಿನವರು "ಈ ಜೇನಿನ ಜಾತಿಯೇ ಹೀಗೆ" ಅಂತ ಕೈಬಿಡುತ್ತಾರೆ. ಅದಕ್ಕೇ ಇದನ್ನು ತಾರೀಕು ಸಮೇತ ಬರೆದಿಡುತ್ತಿದ್ದೇನೆ.

ಪೆಟ್ಟಿಗೆಯ ಹಿನ್ನೆಲೆ

ಚಿಕ್ಕಪ್ಪನ ಮನೆ ಬಣಕಲ್ ಮತ್ತು ಕೊಟ್ಟಿಗೆಹಾರದ ನಡುವೆ, ರಸ್ತೆಯಿಂದ ಸ್ವಲ್ಪ ಒಳಗೆ. ಸುತ್ತ ರೋಬಸ್ಟಾ ತೋಟ. ನೆರಳಿಗೆ ಸಿಲ್ವರ್ ಓಕ್, ಹಲಸು, ಅತ್ತಿ, ನೇರಳೆ. ಹಿತ್ತಲಲ್ಲಿ ನಾಲ್ಕು ಕಿತ್ತಳೆ ಗಿಡ. ಪೆಟ್ಟಿಗೆ ಇದ್ದದ್ದು ಹಲಸಿನ ಮರದ ಬುಡದಲ್ಲಿ, ಬಚ್ಚಲ ಒಲೆಯಿಂದ ಹತ್ತು ಹೆಜ್ಜೆ ದೂರ. ಎಂಟು ಚೌಕಟ್ಟಿನ ಪೆಟ್ಟಿಗೆ. ಅದರ ಹಿಂದಿನ ವರ್ಷ ಮಳೆಗಾಲ ಮುಗಿದ ಮೇಲೆ ಮರದ ಪೊಟರೆಯಿಂದ ತೆಗೆದು ಕೂರಿಸಿದ ತುಡುವೆ ಜೇನು, ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜೇನು.

ಚಿಕ್ಕಪ್ಪನಿಗೆ ಜೇನೆಂದರೆ ಜೀವ. ಅದಕ್ಕೆ ಹಳೇ ಕಾರಣವೊಂದಿದೆ. 1990ರ ದಶಕದ ಮೊದಲಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ಕರ್ನಾಟಕದ ತುಡುವೆ ಕುಟುಂಬಗಳಲ್ಲಿ ಬಹುಪಾಲು ನಾಶವಾದವು. ನಮ್ಮ ಅಜ್ಜನ ಪೆಟ್ಟಿಗೆಗಳೂ ಒಂದೊಂದಾಗಿ ಖಾಲಿಯಾದವು. ಮರಿಹುಳುಗಳು ಕೋಶದಲ್ಲೇ ನೀರಿನ ಚೀಲದಂತಾಗಿ ಸತ್ತಿದ್ದನ್ನು ಚಿಕ್ಕಪ್ಪ ಕಣ್ಣಾರೆ ಕಂಡವರು. ಆಮೇಲೆ ಎಷ್ಟೋ ವರ್ಷ ಮನೆಯಲ್ಲಿ ಪೆಟ್ಟಿಗೆಯೇ ಇರಲಿಲ್ಲ. ಹಾಗಾಗಿ ಈ ಕುಟುಂಬ ಜನವರಿಯಲ್ಲಿ ಬಲವಾಗಿ ಬೆಳೆದಾಗ ಅವರಿಗೆ ಆದ ಖುಷಿ ನನಗೆ ಗೊತ್ತು. ಎರಿ ಅಂದರೆ ಚೌಕಟ್ಟಿನಲ್ಲಿ ನೊಣ ಕಟ್ಟುವ ಮೇಣದ ತಟ್ಟೆ. ಎಂಟು ಎರಿಯ ಮೇಲೂ ನೊಣ. ಆರು ಎರಿಯಲ್ಲಿ ಮರಿ. ಮತ್ತೆ ತೆಗೆದು ನೋಡಿದರೆ ಎಲ್ಲಿ ತೊಂದರೆ ಆಗುತ್ತೋ ಅಂತ ಆಮೇಲೆ ಅವರು ಪೆಟ್ಟಿಗೆ ಮುಟ್ಟಲೇ ಇಲ್ಲ. ಬಾಗಿಲಲ್ಲಿ ಓಡಾಟ ನೋಡಿ ತೃಪ್ತಿಪಟ್ಟರು.

ಜನವರಿ ಕೊನೆಗೆ ಬಾಗಿಲಲ್ಲಿ ಗಂಡು ನೊಣ ಜಾಸ್ತಿ ಕಾಣಿಸಿದವು ಅಂತ ಆಮೇಲೆ ನೆನಪಿಸಿಕೊಂಡರು. ಕಪ್ಪಗೆ, ದೊಡ್ಡ ಕಣ್ಣಿನವು. ಅದು ಪಾಲಾಗುವ ಮೊದಲ ಸುಳಿವು. ಗಂಡು ಮರಿ ಜಾಸ್ತಿಯಾದರೆ ಎರಿಯ ಕೆಳ ಅಂಚನ್ನು ವಾರಕ್ಕೊಮ್ಮೆ ನೋಡಬೇಕು. ಅಲ್ಲಿ ಹೊಸ ರಾಣಿ ಬೆಳೆಯುವ ರಾಣಿ ಕೋಶಗಳು ನೆಲಗಡಲೆ ಕಾಯಿಯ ಹಾಗೆ ಕೆಳಮುಖವಾಗಿ ಜೋತುಬಿದ್ದಿರುತ್ತವೆ.

ಮೊದಲ ಪಾಲು

ಫೆಬ್ರವರಿ 7 ಮತ್ತು 8ರಂದು ಮೋಡ. ಚಳಿಗಾಳಿ. 9ರಂದು ಬಿಸಿಲು ಬಿತ್ತು. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ನೊಣಗಳು ಬಾಗಿಲಿನಿಂದ ನೀರು ಸುರಿದ ಹಾಗೆ ಸುರಿದು, ಹಿತ್ತಲ ತುಂಬ ಸುತ್ತಿ, ಕಿತ್ತಳೆ ಗಿಡದ ತಲೆ ಎತ್ತರದ ಕೊಂಬೆಯಲ್ಲಿ ಗೊಂಚಲಾದವು. ಚಿಕ್ಕಪ್ಪ ಖಾಲಿ ಪೆಟ್ಟಿಗೆಗೆ ಅವನ್ನು ಕೂರಿಸಿ ಹತ್ತು ಮಾರು ದೂರದಲ್ಲಿ ಇಟ್ಟರು. ಅಲ್ಲಿಯವರೆಗೆ ಮಾಡಿದ್ದೆಲ್ಲ ಸರಿ.

ಆಮೇಲೆ ಹಳೇ ಪೆಟ್ಟಿಗೆಗೆ ಏನು ಮಾಡಿದರು? ಜಾಗ ಸಾಲದೆ ಹೋಗಿರಬೇಕು ಅಂತ ಯೋಚಿಸಿ, ಮೇಲೊಂದು ಜೇನು ಕೋಣೆ ಇಟ್ಟು ಮುಚ್ಚಿದರು. ಒಳಗೆ ನೋಡಲಿಲ್ಲ. ಮೊದಲ ಪಾಲಿಗೆ ಇಕ್ಕಟ್ಟು ಒಂದು ಕಾರಣ ನಿಜ. ಅದು ಹೋದ ಮೇಲೆ ಆ ಕಾರಣ ತೀರಿತು. ಇನ್ನು ಜಾಗ ಕೊಟ್ಟು ಏನೂ ಉಪಯೋಗ ಇರಲಿಲ್ಲ.

15ರಂದು ಮುಚ್ಚಳ ಎತ್ತಿ ನೋಡಿದಾಗ ಮೇಲಿನ ಕೋಣೆಯವರೆಗೂ ನೊಣ ಬಂದಿದ್ದವು. ಚಿಕ್ಕಪ್ಪನಿಗೆ ಸಮಾಧಾನವಾಯಿತು. ಅದೇ ರಾತ್ರಿ ಚಿಕ್ಕಮ್ಮ ಬಚ್ಚಲ ಒಲೆಯ ಬೆಂಕಿ ನೋಡಲು ಹೋದಾಗ ಪೆಟ್ಟಿಗೆಯ ಕಡೆಯಿಂದ ಒಂದು ದನಿ ಕೇಳಿಸಿತು. "ಎಳೇ ಮಕ್ಕಳ ಪೀಪಿ ಥರ. ಒಂದು ಸಲ ಉದ್ದಕ್ಕೆ, ಆಮೇಲೆ ಚಿಕ್ಕ ಚಿಕ್ಕದಾಗಿ." ಚಿಕ್ಕಪ್ಪ ಜೀರುಂಡೆ ಇರಬೇಕು ಅಂದರು. 16ರ ರಾತ್ರಿಯೂ ಕೇಳಿತು. 17ರಂದು ಎರಡನೇ ಪಾಲು ಎದ್ದು ಸಿಲ್ವರ್ ಓಕ್ ತುದಿಗೆ ಹೋಯಿತು. ಒಂದೂವರೆ ಗಂಟೆ ಕೂತಿತ್ತು. ನಾನು ಮೂಡಿಗೆರೆಯಿಂದ ಹೊರಡುವ ಮೊದಲೇ ಕಣಿವೆ ದಾಟಿ ಹೋಯಿತು.

ಕಿವಿಗೊಟ್ಟ ರಾತ್ರಿ

18ರ ಸಂಜೆ ನಾನು ಹೋದೆ. ಅಷ್ಟರಲ್ಲಿ ಮನೆಯಲ್ಲಿ ಮೂರು ಅನುಮಾನ ತಯಾರಾಗಿದ್ದವು. ಚಿಕ್ಕಪ್ಪನಿಗೆ ಇರುವೆ ಕಾಟ ಇರಬಹುದೆಂದು. ಪಕ್ಕದ ತೋಟದವರಿಗೆ ಒಲೆ ಹೊಗೆ ಆಗಿಬಂದಿಲ್ಲವೆಂದು. ಚಿಕ್ಕಮ್ಮನಿಗೆ ದೃಷ್ಟಿಯಾಗಿದೆಯೆಂದು.

ಇರುವೆ, ಹೊಗೆ, ಹಸಿವು, ಮೇಣದ ಹುಳು ಇವುಗಳ ಕಾಟಕ್ಕೂ ಜೇನು ಜಾಗ ಬಿಡುತ್ತದೆ. ಆದರೆ ಅದು ಪಾಲಾಗುವುದಲ್ಲ, ಪರಾರಿಯಾಗುವುದು. ಪರಾರಿಯಾದರೆ ಇಡೀ ಕುಟುಂಬ ಎದ್ದು ಹೋಗುತ್ತದೆ. ಕೂಡಿಟ್ಟ ಜೇನನ್ನು ಹೊಟ್ಟೆಗೆ ಹಾಕಿಕೊಂಡು ಹೋಗಿರುತ್ತದೆ. ಹಿಂದೆ ಉಳಿಯುವುದು ಖಾಲಿ ಎರಿ. ಇಲ್ಲಿ ನೊಣ ಇದ್ದವು, ಜೇನು ಇತ್ತು, ಬಾಗಿಲಲ್ಲಿ ಪರಾಗ ಹೊತ್ತು ಬರುವವೂ ಇದ್ದವು. ಸ್ಟ್ಯಾಂಡಿನ ನಾಲ್ಕೂ ಕಾಲಿನ ಬಟ್ಟಲಲ್ಲಿ ನೀರಿತ್ತು, ಇರುವೆ ಇರಲಿಲ್ಲ. ಇದು ಪಾಲೇ.

ರಾತ್ರಿ ಒಂಬತ್ತಕ್ಕೆ ಪೆಟ್ಟಿಗೆಯ ಪಕ್ಕದ ಹಲಗೆಗೆ ಕಿವಿ ಒತ್ತಿ ಕೂತೆ. ಮೊದಲು ರೆಕ್ಕೆ ಬೀಸುವ ಹಿಸ್ ಸದ್ದು ಮಾತ್ರ. ಎರಡು ಮೂರು ನಿಮಿಷ ಕಳೆದಿರಬಹುದು. ಆಗ ಬಂತು. ಪೀಂಂಂ... ಪೀಂ, ಪೀಂ, ಪೀಂ. ತೆಳ್ಳಗೆ, ಸ್ಪಷ್ಟವಾಗಿ. ಕಿವಿಗಿಂತ ಜಾಸ್ತಿ ಕೆನ್ನೆಗೆ ತಾಗಿತು, ಹಲಗೆಯೇ ಸಣ್ಣಗೆ ನಡುಗಿತು. ಅದು ನಿಂತ ಕ್ಷಣ ಒಳಗಿನ ಸದ್ದೆಲ್ಲ ಒಮ್ಮೆ ತಗ್ಗಿದ ಹಾಗೆ ಅನಿಸಿತು. ಚಿಕ್ಕಮ್ಮನನ್ನು ಕರೆದು ಕೇಳಿಸಿದೆ.

"ಅದೇ ಮಗ, ಅದೇ. ನಾನು ಹೇಳಿದ್ರೆ ಇವರು ಜೀರುಂಡೆ ಅಂದ್ರು."

ಅದು ಹೊಸದಾಗಿ ಹೊರಬಂದ ಕನ್ಯೆ ರಾಣಿಯ ಕೂಗು. ಅದು ಎದೆಯನ್ನು ಎರಿಗೆ ಒತ್ತಿಕೊಂಡು, ರೆಕ್ಕೆ ಬಿಚ್ಚದೆ, ಹಾರಾಟದ ಸ್ನಾಯುಗಳನ್ನು ಮಾತ್ರ ಅದುರಿಸುತ್ತದೆ. ಆ ಅದುರು ಎರಿಯಿಂದ ಎರಿಗೆ ಹರಡುತ್ತದೆ. ಯುರೋಪಿನ ಜೇನಿನಲ್ಲಿ ಇದಕ್ಕೆ ಉತ್ತರವೂ ಉಂಟು. ಇನ್ನೂ ಕೋಶದೊಳಗೆ ಇರುವ ರಾಣಿಗಳು ಬಾತುಕೋಳಿಯಂಥ ತಗ್ಗಿದ ದನಿಯಲ್ಲಿ ಮರುನುಡಿಯುತ್ತವೆ. ಜೇನು ಸಾಕುವವರಿಗೆ ಈ ಕೂಗು ಹಳೇ ಪರಿಚಯ. 1609ರಲ್ಲೇ ಇಂಗ್ಲೆಂಡಿನ ಪಾದ್ರಿ ಚಾರ್ಲ್ಸ್ ಬಟ್ಲರ್ ಇದನ್ನು ಸಂಗೀತದ ಸ್ವರಗಳಲ್ಲಿ ಬರೆದಿಟ್ಟಿದ್ದರು. ಮೊದಲ ಪಾಲಿನ ಜೊತೆ ಹೋಗುವುದು ಹಳೇ ರಾಣಿ, ಆಮೇಲಿನ ಪಾಲುಗಳ ಜೊತೆ ಹೋಗುವುದು ಹೊಸ ಕನ್ಯೆಯರು ಎನ್ನುವುದನ್ನು 18ನೇ ಶತಮಾನದ ಕೊನೆಯಲ್ಲಿ ವಿವರವಾಗಿ ಬರೆದವರು ಸ್ವಿಟ್ಜರ್ಲೆಂಡಿನ ಫ್ರಾನ್ಸ್ವಾ ಹ್ಯೂಬರ್. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಸಹಾಯಕ ಬರ್ನೆನ್ಸ್ ನೋಡಿ ಹೇಳುತ್ತಿದ್ದ, ಅವರು ಕೇಳಿ ಯೋಚಿಸುತ್ತಿದ್ದರು. ಚಿಕ್ಕಮ್ಮ ಪೆಟ್ಟಿಗೆ ತೆರೆಯದೆ ಕಿವಿಯಿಂದಲೇ ಹಿಡಿದದ್ದು ನನಗೆ ಅದಕ್ಕೇ ದೊಡ್ಡದಾಗಿ ಕಂಡಿತು.

ಎರಡನೇ ಪಾಲು ಹೋದ ಮೇಲೂ ಕೂಗು ನಿಂತಿಲ್ಲ ಎಂದರೆ ಅರ್ಥ ಒಂದೇ. ಒಳಗೆ ಇನ್ನೊಂದು ರಾಣಿ ಹೊರಬಂದಿದೆ, ಇನ್ನೂ ಕೆಲವು ಕೋಶದಲ್ಲಿ ಕಾಯುತ್ತಿವೆ. ಮೂರನೇ ಪಾಲು ತಯಾರಾಗಿದೆ.

ಪೆಟ್ಟಿಗೆ ತೆರೆದಾಗ

19ರಂದು ಬೆಳಿಗ್ಗೆ ಮಂಜು ಕವಿದಿತ್ತು. ಬಿಸಿಲು ಬರಲಿ ಅಂತ ಕಾದೆ. ಅದು ನನ್ನ ತಪ್ಪು. ಹತ್ತೂವರೆಗೆ ಬಿಸಿಲು ಬಂತು, ಬಿಸಿಲಿನ ಜೊತೆಗೇ ಮೂರನೇ ಪಾಲೂ ಎದ್ದಿತು. ಚಿಕ್ಕದು. ಒಂದು ಕಾಫಿ ಗಿಡದಲ್ಲಿ ಸುಲಿದ ತೆಂಗಿನಕಾಯಿ ಗಾತ್ರದ ಗೊಂಚಲಾಗಿ ಕೂತಿತು. ಹತ್ತಿರ ಹೋಗಿ ನೋಡಿದರೆ ಗೊಂಚಲ ಮೇಲೆ ಒಂದಲ್ಲ, ಎರಡು ಕನ್ಯೆ ರಾಣಿ ಓಡಾಡುತ್ತಿದ್ದವು. ಮೊಟ್ಟೆ ಇಡುವ ರಾಣಿಯಷ್ಟು ಉದ್ದ ಹೊಟ್ಟೆ ಇವಕ್ಕೆ ಇರುವುದಿಲ್ಲ. ತೆಳ್ಳಗೆ, ಚುರುಕಾಗಿ, ಒಂದು ಕ್ಷಣ ನಿಲ್ಲದೆ ಓಡುತ್ತವೆ. ಪಾಲು ಏಳುವ ಗದ್ದಲದಲ್ಲಿ ಕಾವಲು ಸಡಿಲವಾಗಿ ಎರಡು ಮೂರು ರಾಣಿ ಒಟ್ಟಿಗೆ ಹೊರಬರುವುದು ಇಂಥ ಪಾಲುಗಳಲ್ಲಿ ಮಾಮೂಲು. ಅದನ್ನು ಬುಟ್ಟಿಗೆ ಕೊಡವಿ, ಬಟ್ಟೆ ಕಟ್ಟಿ, ನೆರಳಲ್ಲಿ ಇಟ್ಟೆವು.

ಆಮೇಲೆ ಪೆಟ್ಟಿಗೆ ತೆರೆದೆ. ಮೂರು ಚೌಕಟ್ಟಿನಷ್ಟು ನೊಣ ಉಳಿದಿದ್ದವು. ಎಲ್ಲೂ ಒಂದು ಮೊಟ್ಟೆ ಇಲ್ಲ. ತೆರೆದ ಕೋಶದಲ್ಲಿ ಬಿಳಿ ಮರಿಹುಳು ಇಲ್ಲ. ಎರಡು ಎರಿಯಲ್ಲಿ ಮುಚ್ಚಿದ ಮರಿ ಮಾತ್ರ. ಉಳಿದ ಎರಿಗಳಲ್ಲಿ ಮರಿ ಹೊರಟುಹೋದ ಖಾಲಿ ಕೋಶಗಳು, ನೊಣಗಳು ನೆಕ್ಕಿ ಹೊಳೆಯುವ ಹಾಗೆ ಮಾಡಿದ್ದವು. ಕೆಲವಕ್ಕೆ ಆಗಲೇ ಮಕರಂದ ಸುರಿಯತೊಡಗಿದ್ದವು.

ರಾಣಿ ಕೋಶ ಎಣಿಸಿದೆ. ಹನ್ನೊಂದು. ಮೂರರ ತುದಿ ದುಂಡಗೆ ಕತ್ತರಿಸಿ ಮುಚ್ಚಳ ಒಂದು ಬದಿಗೆ ಜೋತಾಡುತ್ತಿತ್ತು, ಕುಂಕುಮದ ಭರಣಿ ತೆರೆದಿಟ್ಟ ಹಾಗೆ. ರಾಣಿ ತಾನಾಗಿ ಹೊರಬಂದ ಗುರುತು ಅದು. ಒಂದು 17ರಂದು ಹೋದದ್ದು, ಎರಡು ಬುಟ್ಟಿಯಲ್ಲಿ ಇರುವವು. ಲೆಕ್ಕ ಸರಿಹೋಯಿತು. ಉಳಿದ ಎಂಟೂ ಮುಚ್ಚಿಯೇ ಇದ್ದವು. ಒಂದರ ಬದಿಯೂ ಹರಿದಿರಲಿಲ್ಲ. ಇದನ್ನು ನೆನಪಿಡಿ. ಮೊದಲು ಹುಟ್ಟಿದ ರಾಣಿಗೆ ಬಿಟ್ಟರೆ ಉಳಿದ ಕೋಶಗಳ ಬದಿಯನ್ನು ಹರಿದು ಒಳಗಿರುವುದನ್ನು ಚುಚ್ಚಿ ಕೊಲ್ಲುತ್ತದೆ. ಇಲ್ಲಿ ಯಾರೋ ಅದಕ್ಕೆ ಬಿಟ್ಟಿರಲಿಲ್ಲ.

ನೋಡುತ್ತಿದ್ದ ಹಾಗೆ ಒಂದು ಕೋಶದ ತುದಿ ಸುತ್ತ ಕೂದಲೆಳೆಯಷ್ಟು ಗೆರೆ ಮೂಡಿತು. ಒಳಗಿನಿಂದ ಕಚ್ಚಿ ಕತ್ತರಿಸುತ್ತಿತ್ತು. ಮೀಸೆ ಹೊರಬಂತು, ತಲೆ ಮುಚ್ಚಳವನ್ನು ತಳ್ಳಿತು, ಇನ್ನೊಂದು ಕ್ಷಣಕ್ಕೆ ಇಡೀ ರಾಣಿ ನನ್ನ ಅಂಗೈ ಮೇಲೆ. ಸಾಮಾನ್ಯವಾಗಿ ಹೊಸದಾಗಿ ಹುಟ್ಟಿದ ನೊಣ ಒದ್ದೆ ಒದ್ದೆಯಾಗಿ ತಡವರಿಸುತ್ತದೆ. ಇದು ಹಾಗಿರಲಿಲ್ಲ. ಗಟ್ಟಿಯಾಗಿ, ಒಣಗಿ, ಓಡಲು ತಯಾರಾಗಿತ್ತು. ಅಂದರೆ ಅದು ಒಳಗೆ ಬಲಿತು ಬಹಳ ಹೊತ್ತಾಗಿತ್ತು. ಹೊರಗಿನವು ಅದನ್ನು ತಡೆದು ಇಟ್ಟಿದ್ದವು. ನಾನು ಪೆಟ್ಟಿಗೆ ತೆರೆದು ಗಲಿಬಿಲಿ ಮಾಡಿದ್ದೇ ಕಾವಲು ತಪ್ಪಿತು.

ಉಳಿದ ಏಳನ್ನು ಬಿಡಿಸಿ ನೋಡಿದೆ. ಐದರಲ್ಲಿ ಬಲಿತ ರಾಣಿ. ಎರಡರಲ್ಲಿ ಇನ್ನೂ ಬಿಳಿಯ ಎಳೇ ಕೋಶಾವಸ್ಥೆ. ಹಾಗೇ ಬಿಟ್ಟಿದ್ದರೆ ನಾಲ್ಕನೇ ಪಾಲಿಗೂ ರಾಣಿಯ ಕೊರತೆ ಇರಲಿಲ್ಲ.

ಯಾಕೆ ಹೀಗಾಯಿತು

ಚಿಕ್ಕಪ್ಪನ ಪ್ರಶ್ನೆ ಸರಿಯಾಗಿಯೇ ಇತ್ತು. ಅರ್ಧಕ್ಕಿಂತ ಜಾಸ್ತಿ ನೊಣ ಹೋದ ಪೆಟ್ಟಿಗೆ ಆರೇ ದಿನದಲ್ಲಿ ಹೇಗೆ ತುಂಬಿತು?

ತುಡುವೆಯ ಕೆಲಸಗಾರ ನೊಣ ಮೊಟ್ಟೆಯಿಂದ ಹೊರಬರಲು ಸುಮಾರು 19-20 ದಿನ ಬೇಕು. 9ರಂದು ಹಳೇ ರಾಣಿ ಹೊರಟಾಗ, ಜನವರಿ 20ರಿಂದ ಈಚೆಗೆ ಅದು ಇಟ್ಟ ಮೊಟ್ಟೆಗಳೆಲ್ಲ ಆರು ಎರಿಗಳಲ್ಲಿ ಬೇರೆ ಬೇರೆ ಹಂತದಲ್ಲಿದ್ದವು. ರಾಣಿ ಹೋದರೂ ಅದರ ಮಕ್ಕಳು ಫೆಬ್ರವರಿ ಕೊನೆಯವರೆಗೆ ದಿನವೂ ಹುಟ್ಟುತ್ತಲೇ ಇರುತ್ತವೆ. ಹೀಗಾಗಿ ಪೆಟ್ಟಿಗೆ ತುಂಬಿತು. ಹೋದವು ಬಂದದ್ದಲ್ಲ, ಹುಟ್ಟಿದವು ಸೇರಿದ್ದು.

ಈ ಹೊಸ ನೊಣಗಳ ಸ್ಥಿತಿ ಯೋಚಿಸಿ. ಎಳೇ ನೊಣದ ಕೆಲಸ ಮರಿಗೆ ಉಣಿಸುವುದು. ಆದರೆ ರಾಣಿ ಹೋಗಿ ಎಂಟು ಒಂಬತ್ತು ದಿನಕ್ಕೆ ಕೊನೆಯ ಮರಿಹುಳುವಿನ ಕೋಶವೂ ಮುಚ್ಚಿರುತ್ತದೆ. ಉಣಿಸಲು ಯಾರೂ ಇಲ್ಲ. ಹೊರಗೆ ತೋಟದಲ್ಲಿ ಹೂವಿದೆ, ಒಳಗೆ ಮಕರಂದ ಬರುತ್ತಿದೆ, ಹೊಟ್ಟೆ ತುಂಬಿದ ಸಾವಿರಾರು ಎಳೇ ನೊಣ ಎರಿಯ ಮೇಲೆ ಸುಮ್ನೆ ನಿಂತಿವೆ. ಜೊತೆಗೆ ಹನ್ನೊಂದು ರಾಣಿ ಕೋಶ.

ಇಲ್ಲಿಂದ ಮುಂದಿನದನ್ನು ನಿರ್ಧರಿಸುವುದು ರಾಣಿ ಅಲ್ಲ, ಕೆಲಸಗಾರರು. ನೊಣ ಕಡಿಮೆ ಇದ್ದರೆ ಅವು ಕೋಶಗಳನ್ನು ಕಾಯುವುದಿಲ್ಲ. ಮೊದಲು ಹುಟ್ಟಿದ ಕನ್ಯೆ ಉಳಿದವನ್ನು ಮುಗಿಸುತ್ತದೆ, ಕಥೆ ಅಲ್ಲಿಗೆ ನಿಲ್ಲುತ್ತದೆ. ನೊಣ ಜಾಸ್ತಿ ಇದ್ದರೆ ಅವು ಪ್ರತಿ ಕೋಶದ ಮೇಲೆ ಗುಂಪಾಗಿ ನಿಂತು, ಓಡಾಡುವ ರಾಣಿಯನ್ನು ತಳ್ಳಿ ದೂರ ಇಡುತ್ತವೆ. ಕೋಶದೊಳಗಿನದಕ್ಕೂ ಬರಲು ಬಿಡುವುದಿಲ್ಲ, ಕತ್ತರಿಸಿದ ಮುಚ್ಚಳಕ್ಕೆ ಮತ್ತೆ ಮೇಣ ಹಚ್ಚುತ್ತವೆ, ಸಣ್ಣ ಸಂದಿಯಿಂದ ಉಣಿಸುತ್ತವೆ. ಹೊರಗಿರುವ ರಾಣಿಗೆ ಕೊಲ್ಲಲೂ ಆಗದೆ, ಅಲ್ಲಿ ಆಳಲೂ ಆಗದೆ, ಕೂಗುತ್ತ ತಿರುಗುವುದಾಗುತ್ತದೆ. ಕೊನೆಗೆ ಒಂದಷ್ಟು ನೊಣಗಳ ಜೊತೆ ಹೊರಟುಹೋಗುತ್ತದೆ. ಅದು ಹೋದ ಕೂಡಲೇ ಇನ್ನೊಂದನ್ನು ಬಿಡುತ್ತವೆ. ನೊಣ ಇನ್ನೂ ಉಳಿದಿದ್ದರೆ ಇದೇ ಪುನಃ. ನೊಣ ತೆಳುವಾಗುವವರೆಗೂ ಪಾಲು ಹೋಗುತ್ತಿರುತ್ತದೆ.

ಜಾಗ ಕೊಟ್ಟು ಎರಡನೇ ಪಾಲು ತಡೆಯಲಾಗದು ಎಂದದ್ದು ಇದಕ್ಕೇ. ಬೇಕಾದ್ದು ಒಂದೋ ಕೋಶ ಕಡಿಮೆಯಾಗುವುದು, ಇಲ್ಲವೇ ನೊಣ ಕಡಿಮೆಯಾಗುವುದು. ಚಿಕ್ಕಪ್ಪನ ಪೆಟ್ಟಿಗೆಯಲ್ಲಿ ಎರಡೂ ಆಗಲಿಲ್ಲ.

ಇನ್ನೊಂದು ವಿಷಯ ನನಗೆ ಆ ದಿನ ರಾತ್ರಿ ತಾರೀಕು ಬರೆಯುವಾಗ ಹೊಳೆಯಿತು. ಮೊದಲ ಪಾಲು ಸಾಮಾನ್ಯವಾಗಿ ಮೊದಲ ರಾಣಿ ಕೋಶ ಮುಚ್ಚಿದ ಹೊತ್ತಿಗೆ ಹೊರಡುತ್ತದೆ. ಮುಚ್ಚಿದ ಕೋಶದಿಂದ ರಾಣಿ ಬರಲು ಏಳೆಂಟು ದಿನ. ಆದ್ದರಿಂದ ಪಾಲು ಹೋಗಿ ಏಳೆಂಟು ದಿನಕ್ಕೆ ಕೂಗು ಕೇಳಬೇಕು. ಇಲ್ಲಿ ಆರನೇ ರಾತ್ರಿಗೇ ಕೇಳಿತು. ಯಾಕೆ? 7 ಮತ್ತು 8ರ ಮೋಡ. ಹೊರಡಲು ತಯಾರಿದ್ದ ಪಾಲು ಬಿಸಿಲಿಗಾಗಿ ಎರಡು ದಿನ ಕಾದಿತ್ತು. ಆ ಎರಡು ದಿನ ಕೋಶದೊಳಗಿನ ರಾಣಿ ಬೆಳೆಯುತ್ತಲೇ ಇತ್ತು. ಮಲೆನಾಡಿನಲ್ಲಿ ಈ ಲೆಕ್ಕ ಬಹಳ ಮುಖ್ಯ. ಪಾಲು ಹೊರಡುವ ಮೊದಲು ಮೋಡ ಕವಿದ ದಿನ ಎಷ್ಟಿದ್ದವೋ ಅಷ್ಟನ್ನು ಕಳೆಯಬೇಕು.

ಇದರಲ್ಲಿ ಜೇನಿಗೆ ಏನು ಲಾಭ ಅಂತ ಕೇಳಬಹುದು. ಕಾಡಿನ ಲೆಕ್ಕದಲ್ಲಿ ಲಾಭ ಇದೆ. ಒಂದು ಪೊಟರೆಯಿಂದ ಮೂರು ಕುಟುಂಬ ಹೊರಟು ಒಂದು ಉಳಿದರೂ ವಂಶ ಒಂದಕ್ಕೆ ಎರಡಾಯಿತು. ಆದರೆ ಚಿಕ್ಕ ಪಾಲಿನ ಪಾಡು ಕಷ್ಟ. ಎರಿ ಹೊಸದಾಗಿ ಕಟ್ಟಬೇಕು. ಕನ್ಯೆ ರಾಣಿ ಗಂಡು ನೊಣಗಳನ್ನು ಕೂಡಲು ಹಾರಿಹೋಗಿ ವಾಪಸ್ ಬರಬೇಕು. ದಾರಿಯಲ್ಲಿ ಕಾಜಾಣ, ಕಳ್ಳಿಪೀರ ಕಾಯುತ್ತಿರುತ್ತವೆ. ಉಳಿದ ಮೂಲ ಕುಟುಂಬಕ್ಕೂ ಅದೇ ಅಪಾಯ. ಅದರ ರಾಣಿ ಹಾರಿಹೋಗಿ ಬಾರದಿದ್ದರೆ ಹೊಸ ರಾಣಿ ಬೆಳೆಸಲು ಪೆಟ್ಟಿಗೆಯಲ್ಲಿ ಒಂದು ಮೊಟ್ಟೆಯೂ ಇರುವುದಿಲ್ಲ. ತುಡುವೆಯಲ್ಲಂತೂ ರಾಣಿ ಇಲ್ಲದಿದ್ದರೆ ಕೆಲಸಗಾರರೇ ಬೇಗ ಮೊಟ್ಟೆ ಇಡಲು ಶುರುಮಾಡುತ್ತವೆ. ಅದರಿಂದ ಬರಿ ಗಂಡು ನೊಣ ಹುಟ್ಟುತ್ತವೆ, ಕುಟುಂಬ ಮುಗಿಯುತ್ತದೆ.

ನಾವು ಮಾಡಿದ್ದು

ಬಲಿತ ಐದು ರಾಣಿಗಳನ್ನೂ ಆ ಎರಡು ಎಳೆಯವನ್ನೂ ತೆಗೆದೆ. ಕೈ ಬರಲಿಲ್ಲ, ಆದರೂ ತೆಗೆದೆ. ಒಂದೊಂದಕ್ಕೆ ಕೊಡಲು ನಮ್ಮ ಹತ್ತಿರ ನೊಣ ಇರಲಿಲ್ಲ. ಅಂಗೈ ಮೇಲೆ ಬಂದ ರಾಣಿಯನ್ನು ಪೆಟ್ಟಿಗೆಗೆ ಬಿಟ್ಟೆ. ಮೇಲಿನ ಖಾಲಿ ಜೇನು ಕೋಣೆ ತೆಗೆದು, ನೊಣ ಇಲ್ಲದ ಎರಿಗಳನ್ನೂ ಹೊರಗಿಟ್ಟೆ. ಅವು ಹಾಗೇ ಇದ್ದರೆ ಮೇಣದ ಹುಳು ಬೀಳುವುದು ಖಂಡಿತ.

ಸಂಜೆ ಐದೂವರೆಗೆ ಬಾಗಿಲ ಮುಂದೆ ಹಳೇ ಪಂಚೆ ಹಾಸಿ ಬುಟ್ಟಿಯ ಮೂರನೇ ಪಾಲನ್ನು ಅದರ ಮೇಲೆ ಕೊಡವಿದೆವು. ಒಂದೆರಡು ನಿಮಿಷ ದಿಕ್ಕು ತೋಚದೆ ನಿಂತವು. ಮೊದಲ ಕೆಲವು ಬಾಗಿಲಲ್ಲಿ ಹೊಟ್ಟೆ ಎತ್ತಿ ರೆಕ್ಕೆ ಬೀಸತೊಡಗಿದ ಮೇಲೆ ಎಲ್ಲ ಸಾಲಾಗಿ ಒಳಗೆ ನಡೆದವು. ಚಿಕ್ಕಪ್ಪ ಮಂಡಿ ಊರಿ ಕೂತು ಕೊನೆಯ ನೊಣ ಒಳಹೋಗುವವರೆಗೂ ನೋಡಿದರು. ಈಗ ಒಳಗೆ ಮೂರು ಕನ್ಯೆ ರಾಣಿ, ಕಾಯಲು ಒಂದು ಕೋಶವೂ ಇಲ್ಲ. 20ರ ಬೆಳಿಗ್ಗೆ ಬಾಗಿಲ ಹಲಗೆಯ ಕೆಳಗೆ ಎರಡು ರಾಣಿ ಸತ್ತು ಬಿದ್ದಿದ್ದವು.

ಅದೇ ದಿನ, ಹಳೇ ರಾಣಿ ಇರುವ ಹೊಸ ಪೆಟ್ಟಿಗೆಯಿಂದ ಮೊಟ್ಟೆ ಇರುವ ಎರಿಯನ್ನು ಅಂಗೈ ಅಗಲ ಕತ್ತರಿಸಿ, ಬಾಳೆ ನಾರಿನಿಂದ ಒಂದು ಚೌಕಟ್ಟಿಗೆ ಕಟ್ಟಿ ಇಲ್ಲಿ ಕೊಟ್ಟೆವು. ಇದರಿಂದ ಎರಡು ಉಪಯೋಗ. ಎಳೇ ನೊಣಗಳಿಗೆ ಉಣಿಸುವ ಕೆಲಸ ಸಿಕ್ಕಿತು. ಒಳಗೆ ರಾಣಿ ಇಲ್ಲವಾದರೆ ಅವು ಈ ತುಂಡಿನಲ್ಲೇ ರಾಣಿ ಕೋಶ ಕಟ್ಟುತ್ತವೆ, ನಮಗೆ ಗೊತ್ತಾಗುತ್ತದೆ. 24ರ ಸಂಜೆ ನೋಡಿದಾಗ ಕೋಶ ಕಟ್ಟಿರಲಿಲ್ಲ. ಸಂಜೆಯೇ ಯಾಕೆಂದರೆ ಕನ್ಯೆ ರಾಣಿ ಹಾರುವುದು ಮಧ್ಯಾಹ್ನ. ಆ ಹೊತ್ತಿನಲ್ಲಿ ಪೆಟ್ಟಿಗೆ ತೆರೆದರೆ ಬಾಗಿಲು ಗುರುತು ಸಿಗದೆ ಹೋಗಬಹುದು. ಪೆಟ್ಟಿಗೆಯನ್ನು ಒಂದಡಿಯೂ ಸರಿಸಲಿಲ್ಲ.

28ರ ರಾತ್ರಿ ಕಾಫಿ ಅರಳಿಸುವ ಹೂಮಳೆ ಬಂತು. ಮಾರ್ಚ್ 4ಕ್ಕೆ ತೆರೆದೆವು. ಎರಿಯನ್ನು ಬಿಸಿಲಿಗೆ ಓರೆ ಹಿಡಿದಾಗ ಕೋಶದ ತಳದಲ್ಲಿ ಒಂದೊಂದೇ ಮೊಟ್ಟೆ, ಅಕ್ಕಿ ನುಚ್ಚಿನ ಚೂರಿನ ಹಾಗೆ ನಿಂತಿದ್ದವು. ಚಿಕ್ಕಪ್ಪ ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿ ಚಿಕ್ಕಮ್ಮನನ್ನು ಕೂಗಿದರು.

ಕಾಫಿ ಹೂವಿನ ಜೇನು ಈ ಪೆಟ್ಟಿಗೆಗೆ ಸಿಗಲಿಲ್ಲ. ರೋಬಸ್ಟಾ ಅರಳಿ ತೋಟವೆಲ್ಲ ಬೆಳ್ಳಗಾದಾಗ ಅದರಲ್ಲಿ ಇದ್ದದ್ದು ನಾಲ್ಕು ಚೌಕಟ್ಟಿನ ನೊಣ. ಹಳೇ ರಾಣಿಯ ಪೆಟ್ಟಿಗೆಯಿಂದ ಮೇ ತಿಂಗಳಲ್ಲಿ ಎರಡೂವರೆ ಕಿಲೋ ಬಂತು. ಆದರೆ ಎರಡೂ ಕುಟುಂಬ ಮಳೆಗಾಲ ದಾಟಿದವು. ನನಗೆ ಅದೇ ದೊಡ್ಡದು. ಕೊಟ್ಟಿಗೆಹಾರದ ಮಳೆಯಲ್ಲಿ ಮೂರು ಚೌಕಟ್ಟಿನ ಕುಟುಂಬ ಉಳಿಯುವುದು ಕಷ್ಟ.

ಈ ವರ್ಷ

ಈ ವರ್ಷ ಫೆಬ್ರವರಿ 12ಕ್ಕೆ ಅದೇ ಹಲಸಿನ ಬುಡದ ಪೆಟ್ಟಿಗೆ ಪಾಲು ಹೋಯಿತು. ಹಿಂದಿನ ದಿನಗಳಲ್ಲಿ ಮೋಡ ಇರಲಿಲ್ಲ. ಚಿಕ್ಕಪ್ಪ ಈ ಸಲ ಪಾಲನ್ನು ಹಿಡಿದು ಹೊಸ ಪೆಟ್ಟಿಗೆಗೆ ಹಾಕಿ, ಅದನ್ನೇ ಹಲಸಿನ ಬುಡದಲ್ಲಿ ಇಟ್ಟರು. ಹಳೇ ಪೆಟ್ಟಿಗೆಯನ್ನು ನಾಲ್ಕು ಹೆಜ್ಜೆ ಪಕ್ಕಕ್ಕೆ ತಂದರು. ಹೊರಗೆ ಮೇಯಲು ಹೋಗಿದ್ದ ನೊಣಗಳೆಲ್ಲ ಹಳೇ ಜಾಗಕ್ಕೇ ಬಂದು ಪಾಲಿನ ಜೊತೆ ಸೇರಿದವು. ಹಳೇ ಪೆಟ್ಟಿಗೆಯಲ್ಲಿ ನೊಣ ತೆಳುವಾಯಿತು, ಪಾಲಿಗೆ ಬಲ ಬಂತು.

ಚಿಕ್ಕಮ್ಮ ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ 12 ಅಂತ ಬರೆದರು. 18ರ ಸಂಜೆ, ಅಂದರೆ ಆರನೇ ದಿನ, ನಾನು ಹೋಗಿ ಕೋಶ ತೆಗೆದೆ. ಅದಕ್ಕಿಂತ ಮೊದಲು ತೆಗೆದರೆ ಇನ್ನೂ ಎಳೇ ಮರಿಹುಳು ಇರುತ್ತವೆ, ಅವುಗಳಿಂದ ಹೊಸ ರಾಣಿ ಕೋಶ ಎಬ್ಬಿಸಿಬಿಡುತ್ತವೆ. ತಡ ಮಾಡಿದರೆ ಮೊದಲ ರಾಣಿ ಹೊರಬಂದಿರುತ್ತದೆ. ಒಂಬತ್ತು ಕೋಶ ಇದ್ದವು. ಉದ್ದವಾಗಿ, ತುದಿ ಕಂದಾಗಿ, ಮೈ ಒರಟಾಗಿದ್ದ ಒಂದನ್ನು ಬಿಟ್ಟು ಎಂಟು ತೆಗೆದೆ. ಅದು ಇದ್ದ ಚೌಕಟ್ಟನ್ನು ಕೊಡವಲಿಲ್ಲ, ತಲೆಕೆಳಗು ಮಾಡಲಿಲ್ಲ, ನೊಣಗಳನ್ನು ಹುಲ್ಲಿನ ಗರಿಯಿಂದ ಮೆಲ್ಲಗೆ ಸರಿಸಿ ನೋಡಿದೆ. ಎರಡು ಬಿಡೋಣ ಅಂತ ಚಿಕ್ಕಪ್ಪ ಅಂದರು, ಒಂದು ಕೆಟ್ಟರೆ ಇನ್ನೊಂದು ಇರುತ್ತದಲ್ಲ ಅಂತ. ಹೋದ ವರ್ಷದ ಸಿಲ್ವರ್ ಓಕ್ ಕಡೆ ಕೈ ತೋರಿಸಿದೆ. ಅವರು ಮತ್ತೆ ಮಾತಾಡಲಿಲ್ಲ.

19ರಿಂದ 22ರವರೆಗೆ ಚಿಕ್ಕಮ್ಮ ದಿನಾ ರಾತ್ರಿ ಒಲೆ ನೋಡಿ ಬರುವಾಗ ಹಲಗೆಗೆ ಕಿವಿ ಇಟ್ಟು ಬಂದರು. ನಾಲ್ಕನೇ ರಾತ್ರಿ ಫೋನ್ ಮಾಡಿದರು. "ರೆಕ್ಕೆ ಸದ್ದು ಬಿಟ್ರೆ ಏನಿಲ್ಲ ಮಗ. ಕೂಗು ಇಲ್ಲ." ಮಾರ್ಚ್ 6ಕ್ಕೆ ಮೊಟ್ಟೆ ಇತ್ತು.